ರಟ್ಟಿನ ಮನೆಯ ಬಾಲ್ಕನಿ

ಶೈಲಾ, ನನಗೆ ಗೊತ್ತಿತ್ತು. ದಿನೇಶ ನಿನ್ನನ್ನು ಬಾಲ್ಕನಿಗೆ ದೂಡಿ ಒಳಗಿನಿಂದ ಚಿಲಕ ಹಾಕುತ್ತಿದ್ದ ಸಂಗತಿ — ನೀನು ಮನೆ ಬಿಟ್ಟ ಮೇಲೆ ಎಲ್ಲರ ಜೊತೆ ನಾನೂ ಬಾಯಿಯ ಮೇಲೆ ಕೈಯಿಟ್ಟುಕೊಂಡು ಕೇಳಿದೆನಲ್ಲ, ಅದು ನಾಟಕ. ವರ್ಷಗಳ ಮೊದಲೇ ಗೊತ್ತಿತ್ತು. ನಿನ್ನ ಮಗಳೇ ಹೇಳಿದ್ದಳು. ಹೇಳಿದ್ದಳು ಎನ್ನುವುದೂ ಪೂರ್ತಿ ಸರಿಯಲ್ಲ — ಆಡಿ ತೋರಿಸಿದ್ದಳು. ನಾನು ಆ ಆಟವನ್ನೇ ತಿದ್ದಿಬಿಟ್ಟೆ.

ಮಾನ್ವಿಗೆ ಆಗ ನಾಲ್ಕು ತುಂಬಿತ್ತಷ್ಟೇ. ನೀನು ಥಾಣೆ ಶಹರದ ಆಫೀಸಿಗೆ ಹೋಗುವಾಗ ಅವಳನ್ನು ನನ್ನಲ್ಲಿ ಬಿಡುತ್ತಿದ್ದೆ. ಘಣಸೋಲಿಯಲ್ಲಿ ನಿಮ್ಮ ಬಿಲ್ಡಿಂಗು ನಮ್ಮದರ ಎದುರಿಗೇ ಇತ್ತು. ಗಂಡನ ದೊಡ್ಡಮ್ಮ ಇಷ್ಟು ಹತ್ತಿರ ಇರುವಾಗ ದುಡ್ಡು ಕೊಟ್ಟು ಮಗುವನ್ನು ಪರರು ನೋಡಿಕೊಳ್ಳುವ ಪಾಳಣಾಘರಕ್ಕೆ ಯಾಕೆ ಹಾಕಬೇಕು ಎಂದು ಜೋರು ಮಾಡಿದವಳೂ ನಾನೇ. ಟಿವಿ ಹಚ್ಚಿ ಮಗುವನ್ನು ಕೂರಿಸುವ ಅಜ್ಜಿ ನಾನಲ್ಲ ಎಂಬ ಜಂಬ ಬೇರೆ! ಗೋಧಿಹಿಟ್ಟಿಗೆ ಅರಶಿನ, ಬೀಟ್‌ರೂಟ್ ರಸ ಕಲಸಿ ಬಣ್ಣದ ಲಾಡು ಕಟ್ಟಿಸುತ್ತಿದ್ದೆ. ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ ಹಾರ ಮಾಡಿಸುತ್ತಿದ್ದೆ. ಐಸ್‌ಕ್ರೀಮ್ ಕಡ್ಡಿಗೆ ಬಣ್ಣದ ಕಾಗದದ ಸೀರೆ ಉಡಿಸಿ, ಪೆನ್ನಿನಿಂದ ಕಣ್ಣು ಬರೆದು ಗೊಂಬೆ ಮಾಡುತ್ತಿದ್ದೆವು. ನೀನು ಸಂಜೆ ಬಂದವಳು ಅವನ್ನೆಲ್ಲ ನೋಡಿ, "ದೊಡ್ಡಮ್ಮ, ನಿಮ್ಗೆ ಎಂಥಾ ತಾಳ್ಮೆ ಮಾರಾಯ್ರೆ" ಎನ್ನುತ್ತಿದ್ದೆ. ನನಗೆ ಅಷ್ಟು ಸಾಕಿತ್ತು.

ಒಮ್ಮೆ ಮಿಕ್ಸಿ ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಮನೆ ಮಾಡಿದೆವು. ಬೆಂಕಿಪೆಟ್ಟಿಗೆಗಳ ಮಂಚ, ಸೀಸೆಯ ಮುಚ್ಚಳದ ಒಲೆ. "ಬಾಲ್ಕನಿ ಚಾಹಿಯೆ ಅಜ್ಜಿ" ಎಂದು ಹಟ ಹಿಡಿದಳು. ಒಂದು ಬದಿ ಕತ್ತರಿಸಿ ಅದನ್ನೂ ಮಾಡಿಕೊಟ್ಟೆ. ಬಾಗಿಲಿಗೆ ಅಂಗಿಯ ಗುಂಡಿ ಹೊಲಿದೆ, ಎದುರಿಗೆ ನೂಲಿನ ಕುಣಿಕೆ — ಚಿಲಕವೂ ತಯಾರು. ಎಷ್ಟು ಖುಷಿಪಟ್ಟಳು ಎಂದರೆ ಆ ದಿನ ಊಟಕ್ಕೂ ಏಳಲಿಲ್ಲ.

ನಾನು ಅಲ್ಲೇ ಸೊಪ್ಪು ಬಿಡಿಸುತ್ತಾ ಕುಳಿತಿದ್ದೆ. ಅವಳು ಪಪ್ಪನ ಗೊಂಬೆಯನ್ನು ಮಂಚದ ಮೇಲೆ ಮಲಗಿಸಿದಳು. ಅಮ್ಮನ ಗೊಂಬೆಯನ್ನು ಬಾಲ್ಕನಿಯಲ್ಲಿ ನಿಲ್ಲಿಸಿ, ಬಾಗಿಲೆಳೆದು, ನೂಲನ್ನು ಗುಂಡಿಗೆ ಸುತ್ತಿದಳು. ಒಂದು ಸುತ್ತಲ್ಲ, ಬಿಗಿಯಾಗಿ ಮತ್ತೆ ಮತ್ತೆ. ಮಗುವಿನ ಗೊಂಬೆ ಬಾಗಿಲಿಗೆ ಮುಖ ಮಾಡಿ ನಿಂತಿತ್ತು.

"ಅಮ್ಮ ಬಟ್ಟೆ ಒಣ್ಸೂಕೆ ಹೋದ್ಲಾ ಮಗಾ?" ಎಂದು ಕೇಳಿದೆ.

"ನಹೀ ಅಜ್ಜಿ. ಪಪ್ಪಾ ಕಡಿ ಹಾಕಿದ್ರು." ಕಡಿ ಎಂದರೆ ಚಿಲಕ, ಇಲ್ಲಿಯ ಮಕ್ಕಳ ಬಾಯಲ್ಲಿ. ಆಮೇಲೆ ತುಟಿಯ ಮೇಲೆ ಬೆರಳಿಟ್ಟು ಹೇಳಿದಳು — "ಶ್! ಮಮ್ಮಿ ಅಳೂದಿಲ್ಲ. ಆವಾಜ್ ಬಂದ್ರೆ ಪಪ್ಪಾ ಏಳ್ತಾರೆ."

ಮಕ್ಕಳು ಏನೇನೋ ಕಟ್ಟಿ ಆಡುತ್ತಾರೆ ಎಂದುಕೊಳ್ಳಬಹುದಿತ್ತು. ಆದರೆ ಅದಕ್ಕೂ ಮೊದಲು ಒಂದು ಭಾನುವಾರದ ಉರಿಬಿಸಿಲಿನಲ್ಲಿ ನನ್ನ ಅಡುಗೆಮನೆಯ ಕಿಟಕಿಯಿಂದ ನಿನ್ನನ್ನು ಕಂಡಿದ್ದೆ. ನೀನು ಬಾಲ್ಕನಿಯಲ್ಲಿ ಬರಿಗಾಲಲ್ಲಿ ನಿಂತಿದ್ದೆ. ಕಾಲು ಸುಡುತ್ತಿತ್ತೋ ಏನೋ, ಒಂದು ಪಾದದ ಮೇಲೆ ಇನ್ನೊಂದನ್ನು ಇಟ್ಟುಕೊಂಡಿದ್ದೆ. ಕೈಯಲ್ಲಿ ಬಟ್ಟೆಯೂ ಇಲ್ಲ, ಬಕೆಟ್ಟೂ ಇಲ್ಲ. ನಾನು ಕೈಬೀಸಿದೆ. ನೀನೂ ಕೈಬೀಸಿದೆ. ಅನ್ನಕ್ಕೆ ಇಟ್ಟು, ಸಾರಿಗೆ ಒಗ್ಗರಣೆ ಹಾಕಿ ಮತ್ತೆ ನೋಡುವಾಗಲೂ ನೀನು ಅಲ್ಲೇ ಇದ್ದೆ — ಯಾಕೆ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಲು ಮನಸ್ಸಾಗಲಿಲ್ಲ. ಈಗ ಮಗು ಅದಕ್ಕೆ ಉತ್ತರವನ್ನು ನನ್ನ ಮುಂದೆ ತಂದಿಟ್ಟಿತ್ತು.

ನಾನು ಏನು ಮಾಡಿದೆ ಗೊತ್ತೇ? ಗೋಂದಿನ ಬಾಟಲಿ ತಂದೆ. ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆ ಕತ್ತರಿಸಿ, ಬಾಲ್ಕನಿಯ ಬಾಗಿಲ ಮೇಲೆ ಅಂಟಿಸಿಬಿಟ್ಟೆ. "ಈ ಮನೆಗೆ ಬಾಲ್ಕನಿ ಇಲ್ಲ ಪುಟ್ಟಾ, ಬಿಲ್ಡರ್ ಕೊಡ್ಲಿಲ್ಲ" ಎಂದು ನಕ್ಕೆ ಕೂಡ. ಥೂ ನನ್ನ ನಗುವೇ!

ಅವಳು ನಗಲಿಲ್ಲ. "ಫಿರ್ ಮಮ್ಮಿ ಎಲ್ಲಿ ನಿಲ್ಲೂದು?" ಎಂದಳು.

"ಅಡುಗೆಮನೆಲಿ. ಅಮ್ಮ ದೋಸೆ ಹೊಯ್ತಾಳೆ, ಪಪ್ಪ ಪೇಪರ್ ಓದ್ತಾನೆ. ಹಾಂಗೆ ಆಡ್ಬೇಕು, ಆಯ್ತಾ?"

ಮಾನ್ವಿ ಮೂರೂ ಗೊಂಬೆಗಳನ್ನು ಪೆಟ್ಟಿಗೆಯೊಳಗೆ ಹಾಕಿ ಮುಚ್ಚಿದಳು. ಮತ್ತೆ ಆ ಮನೆಯನ್ನು ಮುಟ್ಟಲಿಲ್ಲ. ಅನಂತರ ನನ್ನಲ್ಲಿ ಅವಳು ಮಾಡಿದ್ದೆಲ್ಲ ಹೂವು. ಕಾಗದದ ಹೂವು, ಹಿಟ್ಟಿನ ಹೂವು. ಚಂದ ಉಂಟು ಎಂದು ಹೊಗಳಿ ಫ್ರಿಜ್ಜಿನ ಮೇಲೆ ಅಂಟಿಸುತ್ತಾ ಹೋದೆ.

ಅದೇ ವಾರವಿರಬೇಕು, ನೀನು ಸಂಜೆ ಅವಳನ್ನು ಕರೆದೊಯ್ಯಲು ಬಂದವಳು ಬಾಗಿಲಲ್ಲೇ ನಿಂತು ಕೇಳಿದೆ — "ದೊಡ್ಡಮ್ಮ, ಇವ್ಳು ಇಲ್ಲಿ ಎಂತಾದ್ರೂ ಹೇಳ್ತಾಳಾ?"

"ಎಂತ ಹೇಳೂದು? ಚಂದ ಆಡ್ತಾಳೆ" ಎಂದೆ.

ನೀನು ಇನ್ನೂ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಬಗ್ಗಿ ಅವಳ ಚಪ್ಪಲಿ ಹಾಕಿಸಿದೆ. ಅಂದು ನೀನು ಕೇಳಿದ್ದು ಮಗುವಿನ ವಿಷಯವಲ್ಲ — ನಾನು ಒಂದು ಮಾತು ಕೇಳಲಿ ಎಂದು ನೀನು ಕಾಯುತ್ತಿದ್ದೆ. ಅದು ನನಗೆ ಆ ಕ್ಷಣದಲ್ಲೇ ತಿಳಿದಿತ್ತು ಶೈಲಾ. ಆಮೇಲೆ ಹೊಳೆಯಿತು ಎಂದು ಸುಳ್ಳು ಹೇಳಲಾರೆ.

ಬಾಯಿ ಕಟ್ಟಿದ್ದು ಯಾವುದು ಎಂದೂ ಹೇಳಿಬಿಡುತ್ತೇನೆ, ಕ್ಷಮೆಗಾಗಿ ಅಲ್ಲ. ಈ ಸಂಬಂಧ ತಂದವಳು ನಾನು. ಕುಂದಾಪುರದ ನಿಮ್ಮ ಮನೆಯ ಚಾವಡಿಯಲ್ಲಿ ಕುಳಿತು, "ಹುಡ್ಗ ನನ್ನ ತಂಗಿ ಮಗ, ಅವನ ಜವಾಬ್ದಾರಿ ನಂದು" ಎಂದು ನಿನ್ನ ಅಪ್ಪನಿಗೆ ಮಾತು ಕೊಟ್ಟಿದ್ದೆ. ನಮ್ಮೂರ ಕಡೆಯ ಹೆಣ್ಣನ್ನೋ ಗಂಡನ್ನೋ ಹುಡುಕುವವರು ಈ ಕಡೆ ಮೊದಲು ನನಗೇ ಫೋನ್ ಮಾಡುತ್ತಿದ್ದರು. ನಾನು ತಂದ ಸಂಬಂಧ ಕೆಟ್ಟಿತು ಅನ್ನಿಸಿಕೊಳ್ಳುವುದಕ್ಕಿಂತ, ನೀನು ಬಿಸಿಲಲ್ಲಿ ನಿಲ್ಲುವುದು ನನಗೆ ಸುಲಭವಾಗಿ ಕಂಡಿತು. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇಲ್ಲ.

ಈಗ ನೀನು ಸೀವುಡ್ಸಿನ ಬಾಡಿಗೆ ಮನೆಯಲ್ಲಿದ್ದೀಯ. ಮಾನ್ವಿ ನಿನ್ನ ಹೆಗಲಿನವರೆಗೆ ಬೆಳೆದಿದ್ದಾಳೆ. ದಿನೇಶ ನೀನು ಹೇಳುವುದೆಲ್ಲ ಕಟ್ಟುಕಥೆ ಎನ್ನುತ್ತಿದ್ದಾನೆ, ಮಗಳು ತನ್ನ ಬಳಿ ಇರಬೇಕು ಎನ್ನುತ್ತಿದ್ದಾನೆ. ಭಾನುವಾರ ಥಾಣೆಯಲ್ಲಿ ತಂಗಿಯ ಮನೆಯಲ್ಲಿ ಎರಡೂ ಕಡೆಯ ಹಿರಿಯರು ಸೇರುತ್ತಾರೆ. ನಿನ್ನೆ ತಂಗಿ ಫೋನ್ ಮಾಡಿದ್ದಳು. "ಅಕ್ಕ, ನೀನು ಎದುರಿಗೇ ಇದ್ದವ್ಳು. ಎಂತದೂ ಕಾಣ್ಲಿಲ್ಲ ಅಂತ ಒಂದು ಮಾತು ಹೇಳು, ಸಾಕು. ಬೇಕಾದ್ರೆ ಮಾನ್ವಿಯನ್ನೇ ನಡುವೆ ಕೂರಿಸಿ ಕೇಳುವ."

ನಾನು "ಆಯ್ತು" ಎಂದೆ. ಹೌದು, ನಿನ್ನೆಯೂ ಆಯ್ತು ಎಂದೇ ಹೇಳಿದೆ — ನಾಲಿಗೆಗೆ ಅದೇ ಅಭ್ಯಾಸವಾಗಿದೆ. ಆದರೆ ಅಷ್ಟು ದೊಡ್ಡವರ ನಡುವೆ ಆ ಹುಡುಗಿಯನ್ನು ಕೂರಿಸಿ, ನಿನ್ನ ಪಪ್ಪ ಏನು ಮಾಡುತ್ತಿದ್ದರು ಹೇಳು ಎಂದು...

ಇಲ್ಲ. ಭಾನುವಾರ ನಾನು ಬರುತ್ತೇನೆ. ಚಹಾ ಬರುವ ಮೊದಲೇ ಮಾತಾಡುತ್ತೇನೆ. ನಾನು ಕಂಡದ್ದು, ಕೇಳಿದ್ದು, ಗೋಂದು ಹಚ್ಚಿ ಮುಚ್ಚಿದ್ದು — ಒಂದನ್ನೂ ಬಿಡುವುದಿಲ್ಲ. ತಂಗಿ ಮತ್ತೆ ನನ್ನ ಹೊಸಿಲು ತುಳಿಯಲಿಕ್ಕಿಲ್ಲ. ನೀನೂ ನನ್ನ ಮುಖ ನೋಡಬೇಕಾಗಿಲ್ಲ. ಮಾನ್ವಿಯನ್ನು ಮಾತ್ರ ಅಲ್ಲಿಗೆ ಕರೆದುಕೊಂಡು ಬರಬೇಡ. ಅವಳು ಹೇಳಬೇಕಾದ್ದನ್ನು ನಾಲ್ಕು ವರ್ಷದವಳಿದ್ದಾಗಲೇ ಹೇಳಿ ಮುಗಿಸಿದ್ದಾಳೆ. ಹೇಳದೆ ಉಳಿದವಳು ನಾನು.