ಸುರಪುರದ ದಾರಿಯಲ್ಲಿ ಅಕ್ಕ ಸೈಕಲ್ ತಿರುಗಿಸಿದ್ದು

ಬೆಳಕು ಹರಿಯುವ ಹೊತ್ತಿಗೆ ನಾವು ಯಾದಗಿರಿಯ ಭೀಮಾ ಸೇತುವೆ ದಾಟಿದ್ದೆವು. ಅಕ್ಕ ಮುಂದೆ, ನಾನು ಹಿಂದೆ. ಅಕ್ಕ ಶರಣಮ್ಮ ಅಂಗನವಾಡಿಯಲ್ಲಿ ಕೆಲಸ ಮಾಡುವವಳು, ವಯಸ್ಸು ಐವತ್ತರ ಹತ್ತಿರ. ಸೈಕಲ್ ಕಲಿತದ್ದು ಹಿಂದಿನ ಬೇಸಿಗೆಯಲ್ಲಿ, ನಾನು ಪಾಠ ಮಾಡುವ ಶಾಲೆಯ ಬಯಲಿನಲ್ಲಿ. ಸುರಪುರದ ಚಿಗವ್ವನ ಮನೆಗೆ ಸೈಕಲ್ ಮೇಲೆಯೇ ಹೋಗಬೇಕೆಂದು ಹಟ ಹಿಡಿದವಳೂ ಅವಳೇ. ಅರವತ್ತು ಕಿಲೋಮೀಟರು ಎಂದು ನಾನು ಹೆದರಿಸಿದರೆ, "ಎರಡ ದಿನ ಮಾಡಿದರಾತು" ಎಂದಿದ್ದಳು.

ಚಳಿಗಾಲದ ಹಿತವಾದ ಬಿಸಿಲು. ದೋರನಹಳ್ಳಿಯಲ್ಲಿ ಸುಸಲಾ, ಮಿರ್ಚಿ ಭಜಿ ತಿಂದು ಚಹಾ ಕುಡಿದೆವು. ಹೋಟೆಲಿನವನಿಗೆ ಕುತೂಹಲ.

"ಎಲ್ಲಿಗ್ ಹೊಂಟೀರಿ ಅಕ್ಕಾರ?"

"ಸುರಪುರಕ್ಕ."

"ಸೈಕಲ್ ಮ್ಯಾಲ?"

"ಮತ್ತ, ಸೈಕಲ್ ಹೊತ್ಕೊಂಡ ಹೋಗಬೇಕೇನು?" ಎಂದಳು ಅಕ್ಕ. ಕೂತವರೆಲ್ಲ ನಕ್ಕರು.

ಪ್ರತಿ ಏರಿನಲ್ಲೂ ಅವಳು ಇಳಿದು ಸೈಕಲ್ ತಳ್ಳುತ್ತಿದ್ದಳು. ಶಹಾಪುರ ಸಮೀಪಿಸಿ, ಬುದ್ಧ ಮಲಗಿದಂತಿರುವ ಬೆಟ್ಟ ಕಂಡಾಗ ಕೆಳಗಿಳಿದು ಕೈಮುಗಿದಳು. ಆ ರಾತ್ರಿ ನನ್ನ ಗೆಳತಿಯ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಮಲಗಿದೆವು.

ಮರುದಿನ ಡಾಂಬರು ರಸ್ತೆ ಬಿಟ್ಟು ಕಾಲುವೆಯ ದಂಡೆ ಹಿಡಿದೆವು. ಒಂದು ಕಡೆ ತುಂಬಿ ಹರಿಯುವ ನೀರು, ಇನ್ನೊಂದು ಕಡೆ ಭತ್ತದ ಗದ್ದೆ, ಅದರಾಚೆ ಹತ್ತಿ ಬಿಡಿಸುವ ಹೆಂಗಸರು. ಒಂದು ಸೇತುವೆಯ ಬಳಿ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರಿದ್ದರು. ಅವರನ್ನು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದುರಿನಿಂದ ಕೂಗು ಕೇಳಿಸಿತು.

ಕುರಿ ಕಾಯುವ ಅಜ್ಜನೊಬ್ಬ ಕುಂಟುತ್ತ ಓಡಿಬರುತ್ತಿದ್ದ. ನೀರಿನಲ್ಲಿ ಒಂದು ಕುರಿ ತೇಲಿ ಬರುತ್ತಿತ್ತು, ಮೂಗಷ್ಟೇ ಮೇಲಿತ್ತು. ಕಾಲುವೆಯ ಪಕ್ಕಕ್ಕೆಲ್ಲ ಹಾಸುಗಲ್ಲು, ಕಾಲೂರಿದರೆ ಜಾರುತ್ತದೆ.

"ಗಬ್ಬದ ಕುರಿ ಐತ್ರೆವ್ವಾ!" ಎನ್ನುತ್ತ ಅಜ್ಜ ಇಳಿಯಲು ಹೋದ. ನಾನು ಅವನ ರಟ್ಟೆ ಹಿಡಿದುಕೊಂಡೆ.

"ಅಜ್ಜನ್ನ ಬಿಡಬ್ಯಾಡ!" ಎಂದವಳೇ ಅಕ್ಕ ಸೈಕಲ್ ತಿರುಗಿಸಿದಳು. ನೀರು ಹರಿಯುತ್ತಿದ್ದುದು ನಾವು ಬಂದ ದಿಕ್ಕಿಗೇ. ಕುರಿಗಿಂತ ಮೊದಲು ಬಟ್ಟೆ ಒಗೆಯುವವರ ಮೆಟ್ಟಿಲು ಮುಟ್ಟಬೇಕು, ಇಳಿಯಲು ಬರುವುದು ಅಲ್ಲಿ ಮಾತ್ರ. ಕಲ್ಲು, ಗುಂಡಿ ಏನನ್ನೂ ನೋಡದೆ ಅವಳು ರಭಸದಿಂದ ತುಳಿದಳು. ಬಿದ್ದರೆ ಅವಳೂ ನೀರಿಗೇ.

ನಾನೂ ಅಜ್ಜನೂ ಏದುಸಿರು ಬಿಡುತ್ತ ಸೇತುವೆ ತಲುಪಿದಾಗ, ಸೈಕಲ್ ಜಾಲಿಕಂಟಿಯಲ್ಲಿ ಬಿದ್ದಿತ್ತು. ಅಕ್ಕ ಸೊಂಟದವರೆಗೆ ತೊಯ್ದು ಮೆಟ್ಟಿಲ ಮೇಲೆ ಕೂತಿದ್ದಳು. ಬಟ್ಟೆ ಒಗೆಯುವ ಹೆಂಗಸರಿಬ್ಬರು ಕುರಿಯನ್ನು ಉಣ್ಣೆ ಹಿಡಿದು ಮೇಲೆಳೆದಿದ್ದರು. ಅದು ಕೆಮ್ಮಿತು, ತಲೆ ಕೊಡವಿತು.

ಅಜ್ಜ ಕಂಬಳಿಯಿಂದ ಕುರಿಯ ಮೈ ಒರೆಸಿದ. ಆಮೇಲೆ ಅಕ್ಕನ ಕೈ ಹಿಡಿದು ಅದರ ಹೊಟ್ಟೆಯ ಮೇಲಿಟ್ಟ.

"ಮುಟ್ಟಿ ನೋಡವ್ವಾ. ಮರಿ ಒದಿಯಾಕತ್ತೈತಿ."

ಅಕ್ಕ ಬಹಳ ಹೊತ್ತು ಕೈ ತೆಗೆಯಲಿಲ್ಲ. ನಾನು ಸೈಕಲ್ಲಿನ ಮುಂದಿನ ಗಾಲಿಯನ್ನು ಮೊಣಕಾಲ ನಡುವೆ ಹಿಡಿದು ಸೊಟ್ಟಗಾದ ಹ್ಯಾಂಡಲ್ ನೆಟ್ಟಗೆ ಮಾಡಿದೆ.

ಸಂಜೆ ಸುರಪುರ ಮುಟ್ಟಿದೆವು. ಚಿಗವ್ವ ಬಿಸಿನೀರು ಕಾಸಿಕೊಟ್ಟು, ಬೈದು, ಕಥೆಯನ್ನು ಎರಡು ಸಲ ಹೇಳಿಸಿಕೊಂಡಳು.

ಬೆಳಿಗ್ಗೆ ಎದ್ದಾಗ ನನ್ನ ತೊಡೆಗಳು ಹಿಡಿದುಕೊಂಡಿದ್ದವು. ಸೈಕಲ್ಲುಗಳನ್ನು ಬಸ್ಸಿನ ಮೇಲೆ ಹಾಕಿ ಹೋಗೋಣವೆಂದೆ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನೀ ಬಸ್ಸಿನ್ಯಾಗ ಬಾ. ನಾ ಕೆನಾಲ್ ಹಿಡದ ಹೋಗ್ತೀನಿ."

ಚಿಗವ್ವ ನನ್ನ ಮುಖ ನೋಡಿದಳು. ನಾನು ಅಂಗಳ ದಾಟುವಷ್ಟರಲ್ಲಿ ಅಕ್ಕ ಓಣಿಯ ತಿರುವಿನಲ್ಲಿದ್ದಳು. ಎದುರಿಗೆ ಏರಿತ್ತು. ಅವಳು ಇಳಿಯಲಿಲ್ಲ.