ಹದಿನಾಲ್ಕಾಣೆ ಕಹಿ

ತೆಂಗಿನಕಾಯಿ ಒಡೆಯಲು ಕಲ್ಲೇ ಬೇಕು ಎಂದು ನಿಮಗೆ ಯಾರು ಹೇಳಿದರು? ಅಳಿಯನ ಹಣೆಯ ಮೇಲೂ ಒಡೆಯುತ್ತದೆ. ನಾನೇ ಒಡೆದಿದ್ದೇನೆ.

ನನ್ನ ಮಗಳ ಮಗಳು ಮರಳೂರಿನಲ್ಲಿ ನನ್ನ ಜೊತೆಗೇ ಇದ್ದಾಳೆ. ಹೈವೇ ಪಕ್ಕದಲ್ಲಿ ಬಿಯರ್ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಮನೆಯಲ್ಲಿ ಇದು ನನಗೊಬ್ಬಳಿಗೆ ಗೊತ್ತಿತ್ತು. ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಅವಳಪ್ಪ, ಮಗಳು ಜ್ಯೂಸ್ ಫ್ಯಾಕ್ಟರಿಯಲ್ಲಿದ್ದಾಳೆ ಅಂದುಕೊಂಡಿದ್ದ.

ಆ ಭಾನುವಾರ ಮಧ್ಯಾಹ್ನ ಅವಳು ಎರಡು ಬಾಟಲಿ ತಂದು ಅಡುಗೆಮನೆಯಲ್ಲಿ ಇಟ್ಟಳು. ಎರಡೂ ಅವಳೇ ಮಾಡಿದ ಲಾಗರ್ ಎಂಬ ಜಾತಿಯ ಬಿಯರ್. ಯಾವುದು ಚೆನ್ನಾಗಿದೆ ಎಂದು ಅವಳು ಸೋಮವಾರ ಹೇಳಬೇಕು. ಅದನ್ನೇ ದೊಡ್ಡ ಟ್ಯಾಂಕಿಗೆ ಹಾಕುತ್ತಾರೆ. ತಪ್ಪಿದರೆ ಕೆಲಸವಿಲ್ಲ. ಅಂಥ ಹೊತ್ತಿನಲ್ಲಿ ಅವಳಿಗೆ ನೆಗಡಿ. ಮೂಗು ಕಟ್ಟಿ ಉಪ್ಪು ಹುಳಿ ಕೂಡ ತಿಳಿಯುತ್ತಿರಲಿಲ್ಲ.

"ಅಜ್ಜಿ, ನೀನೇ ನೋಡ್ಬೇಕು ಕಣೇ."

"ಥೂ, ನಾನಾ?"

ಥೂ ಎಂದೆನೇ ಹೊರತು ಒಳಗೆ ಖುಷಿಯಾಯಿತು. ನನ್ನ ತವರು ಚೇಳೂರಿನಲ್ಲಿ ಯಾರ ಮನೆ ಮದುವೆಯಾದರೂ ಸಾರು ಒಲೆಯಿಂದ ಇಳಿಸುವ ಮುನ್ನ ನನ್ನ ಅಂಗೈಗೆ ಒಂದು ಹನಿ ಬಿಡುತ್ತಿದ್ದರು. ಈ ನಾಲಿಗೆಯನ್ನು ಕೇಳುವವರಿಲ್ಲದೆ ಎಷ್ಟೋ ಕಾಲವಾಗಿತ್ತು.

ಗಾಜಿನ ಲೋಟ ಕೊಟ್ಟಳು. ನಾನು ನನ್ನ ಸ್ಟೀಲ್ ಲೋಟವನ್ನೇ ತೆಗೆದುಕೊಂಡೆ.

"ಬಣ್ಣ ನೋಡ್ಬೇಕಜ್ಜಿ!"

"ಬಣ್ಣ ನೀ ನೋಡ್ಕೋ. ನಾಲಿಗೆಗೇನು ಕಣ್ಣಿದ್ಯಾ?"

ಮೊದಲನೆಯದು ಬಾಯಿಗೆ ಹೋದ ಕೂಡಲೇ ಕೆನ್ನೆಗೆ ಹೊಡೆದಂತಾಯಿತು. ಹಾಪ್ಸ್ ಎಂಬ ಬಳ್ಳಿಯ ಹೂವಿನ ಕಹಿ ಅದು ಎಂದಳು. ಕಹಿಯಲ್ಲಿ ಎರಡು ಜಾತಿ. ಹಾಗಲಕಾಯಿಯ ಕಹಿ ಬಂದು ಮಾತಾಡಿಸಿ ಹೋಗುತ್ತದೆ. ಬೇವಿನ ಕಹಿ ಚಾಪೆ ಹಾಸಿಕೊಂಡು ಮಲಗಿಬಿಡುತ್ತದೆ. ಇದು ಬೇವಿನ ಜಾತಿ. ಮುಗಿಸಿ, ಲೋಟಕ್ಕೆ ನೀರು ಹಾಕಿ, ಅಲುಗಿಸಿ, ಅದನ್ನೂ ಕುಡಿದೆ.

"ಅಯ್ಯೋ, ತೊಳ್ದು ಚೆಲ್ಬೇಕಜ್ಜಿ!"

"ಧಾನ್ಯದಿಂದ ಆಗಿದ್ದನ್ನ ಚೆಲ್ತಾರೇನೇ?"

ಉಂಡ ತಟ್ಟೆ ತೊಳೆದು ಆ ನೀರನ್ನು ಕುಡಿಯುವುದು ನಮ್ಮ ಮನೆತನದ ರೂಢಿ. ಮಠದ ಪಂಕ್ತಿಯಲ್ಲಿ ಕಲಿತದ್ದು ಬಿಯರಿಗೆ ಬೇರೆಯಾಗುತ್ತದೆಯೇ? ನೀರು ಬೆರೆತ ಮೇಲೂ ಆ ಕಹಿ ಗಂಟಲು ಗೀರುತ್ತಿತ್ತು. "ಒಂಬತ್ತಾಣೆ" ಎಂದೆ. ಹದಿನಾರಾಣೆಗೆ ಒಂಬತ್ತು.

ಎರಡನೆಯದನ್ನು ಬಗ್ಗಿಸಿಕೊಂಡು ಲೋಟ ಎತ್ತಬೇಕು, ಬಾಗಿಲಲ್ಲಿ ಅಳಿಯ. ಯಡಿಯೂರಿಗೆ ಹೋಗಿ ಪೂಜೆ ಮಾಡಿಸಿ, ಪ್ರಸಾದ ಕೊಟ್ಟುಹೋಗೋಣವೆಂದು ಬಂದಿದ್ದ. ಹಣೆ ತುಂಬ ವಿಭೂತಿ, ಕೈಯಲ್ಲಿ ಕಾಯಿ ಹೋಳಿನ ಚೀಲ. ಬಾಟಲಿ ನೋಡಿದ, ಮಗಳನ್ನು ನೋಡಿದ, ನನ್ನ ಲೋಟ ನೋಡಿದ. ಚೀಲ ಕೆಳಗೆ ಬಿತ್ತು.

ಒಂದೇ ಏಟಿಗೆ ನನ್ನ ಕೈಯ ಲೋಟ ಹಾರಿ ನಡುಮನೆಯ ಮಂಚದ ಕೆಳಗೆ ಉರುಳಿತು. ಬಾಟಲಿಗಳನ್ನು ಒಂದೊಂದಾಗಿ ಗೋಡೆಗೆ ಬಡಿದ. ಗಾಜು ಸಿಡಿದು ಹುಡುಗಿಯ ಮುಂಗಾಲಿಗೆ ನಾಟಿತು, ರಕ್ತ ನೊರೆಯೊಳಗೆ ಬೆರೆಯಿತು. ಅವಳು ಬಗ್ಗಿದಳು. ಬಗ್ಗಿದವಳ ಜಡೆ ಹಿಡಿದೆತ್ತಿ ಕೆನ್ನೆಗೆ ಎರಡು ಬಾರಿಸಿದ.

"ನಮ್ಮವ್ವನ ಕೈ ಮುರಿದಿದ್ದು ಇದೇ ಕಣೇ! ಇದನ್ನ ನೀನು ಕಾಯಿಸ್ತೀಯಾ? ಕಾಲು ಮುರ್ದು ಗುಬ್ಬಿಗೆ ಎಳ್ಕೊಂಡ್ ಹೋಗ್ತೀನಿ, ನಡಿ!"

ಸುಳ್ಳಲ್ಲ. ಅವನಪ್ಪ ಸಾರಾಯಿ ಕುಡಿದು ಬಂದು ಹೆಂಡತಿಯ ಕೈಯನ್ನು ಕಡೆಗೋಲಿನಿಂದ ಮುರಿದಿದ್ದ. ಆಕೆಯ ಮುಂಗೈ ಸಾಯುವವರೆಗೂ ಸೊಟ್ಟಗೇ ಇತ್ತು. ಆ ಸೊಟ್ಟ ಕೈಯಿಂದ ಬಡಿಸಿದ ರಾಗಿಮುದ್ದೆಯನ್ನು ನಾನೂ ಉಂಡಿದ್ದೇನೆ. ಅದೆಲ್ಲ ನನಗೆ ನೆನಪಿತ್ತು. ಆದರೆ ಅವನು ಮೂರನೆಯ ಏಟಿಗೆ ಕೈ ಎತ್ತಿದ್ದನ್ನು ಕಂಡಾಗ ನನಗೆ ಕಾಣಿಸಿದ್ದು ಅವನಪ್ಪನ ಕೈಯೇ.

ಚೀಲದಿಂದ ಹೊರಬಿದ್ದಿದ್ದ ಕಾಯಿ ಹೋಳು ಹೇಗೆ ನನ್ನ ಕೈಗೆ ಬಂತೋ ತಿಳಿಯದು. ಚಿಪ್ಪಿನ ಕಡೆಯಿಂದ ಬೀಸಿದೆ. ಠಪ್ ಎಂದಿತು. ಹೋಳು ಎರಡಾಯಿತು. ಹುಬ್ಬಿನ ಮೇಲೆ ವಿಭೂತಿ ಒದ್ದೆಯಾಗಿ ಕೆಂಪಗೆ ಇಳಿಯಿತು. ಅವನು ಬಾಯಿ ತೆರೆದುಕೊಂಡು ಗಾಜಿನ ನಡುವೆ ಕುಳಿತುಬಿಟ್ಟ.

ಮಗಳ ಮದುವೆಯಾದಂದಿನಿಂದ ನಾನು 'ಬನ್ನಿ ಹೋಗಿ' ಎಂದೇ ಮಾತಾಡಿಸುತ್ತಿದ್ದವನನ್ನು ಅಂದು ಏಕವಚನದಲ್ಲಿ ಕೇಳಿದೆ:

"ನಿಮ್ಮಪ್ಪ ಕುಡ್ದು ಹೊಡ್ದ. ನೀನು ಒಂದು ಹನಿನೂ ಕುಡೀದೆ ಹೊಡೀತಿದೀಯಲ್ಲೋ! ಈಗ ಯಾವುದನ್ನ ಗೋಡೆಗೆ ಬಡೀತೀಯಾ?"

ಹುಡುಗಿ ಅಳುತ್ತಿದ್ದಳು, ಕೆನ್ನೆಗಲ್ಲ, ಕಾಲಿಗೂ ಅಲ್ಲ.

"ಎರಡನೇದು ಹೋಯ್ತಲ್ಲಜ್ಜಿ. ಇದ್ದಿದ್ದೇ ಅದೊಂದು ಬಾಟ್ಲಿ. ನಾಳೆ ಏನಂತ ಹೇಳ್ಲಿ?"

ನಾನು ಮೊಣಕಾಲೂರಿ ಮಂಚದ ಕೆಳಗಿನಿಂದ ಲೋಟ ಎಳೆದೆ. ಗಾಜಿನದಾಗಿದ್ದರೆ ಚೂರಾಗಿರುತ್ತಿತ್ತು. ತಳದಲ್ಲಿ ಒಂದು ಗುಟುಕೂ ಇರಲಿಲ್ಲ, ಒಂದಷ್ಟು ಹನಿ. ರೂಢಿಯಂತೆ ನೀರು ಹಾಕಿ ಅಲುಗಿಸಿದೆ. ಅರ್ಧ ನೀರು ಸೀರೆಗೆ ಚೆಲ್ಲಿತು. ಉಳಿದದ್ದನ್ನು ಕುಡಿದೆ. ಕಹಿ ಬಂತು, ಮಾತಾಡಿಸಿತು, ಹೊರಟುಹೋಯಿತು. ಹರಿದ ನಿಂಬೆ ಎಲೆಯ ಘಮ ಮಾತ್ರ ಮೂಗಿನಲ್ಲಿ ಉಳಿಯಿತು. ಮೊದಲನೆಯದಕ್ಕೂ ಹೀಗೇ ನೀರು ಬೆರೆಸಿದ್ದೆನಲ್ಲ, ಎರಡನ್ನೂ ತೂಗಲು ಅಷ್ಟು ಸಾಕಾಗಿತ್ತು.

"ಹದಿನಾಲ್ಕಾಣೆ. ಇದನ್ನೇ ಟ್ಯಾಂಕಿಗೆ ಹಾಕ್ಸು."

"ಎರಡಾಣೆ ಯಾಕಜ್ಜಿ ಕಮ್ಮಿ?"

"ನೊರೆ ನೋಡ್ಲಿಲ್ಲ, ಅದಕ್ಕೊಂದಾಣೆ. ನಿಮ್ಮಪ್ಪನ ರಕ್ತ ಸೇರಿರ್ಬೋದು ಅಂತ ಇನ್ನೊಂದಾಣೆ."

ಒಂದೇ ಆಟೋದಲ್ಲಿ ಮೂವರೂ ಆಸ್ಪತ್ರೆಗೆ ಹೋದೆವು. ಹೊಲಿಗೆ ಹಾಕುತ್ತಾ ಡಾಕ್ಟರು ಅಳಿಯನನ್ನು ಏನಾಯಿತೆಂದು ಕೇಳಿದರು.

"ಕಾಯಿ ಬಿತ್ತು ಸಾರ್."

"ಮರದಿಂದಲಾ?"

"ಮನೇಲೇ."

ಹುಡುಗಿಯನ್ನು ಅವನು ಅಂದು ಎಳೆದೊಯ್ಯಲಿಲ್ಲ. ಹೊಲಿಗೆಯ ಕಾಲನ್ನೇ ಇಟ್ಟುಕೊಂಡು ಅವಳು ಮರುದಿನ ಕೆಲಸಕ್ಕೆ ಹೋಗಿ ಎರಡನೆಯದನ್ನೇ ಹೇಳಿದಳು. ಮಾಲೀಕರು ಅದನ್ನೇ ಮಾಡಿಸಿದರು. ಕೆಲಸ ಉಳಿಯಿತು. ತಿಂಗಳುಗಟ್ಟಲೆ ಅಳಿಯ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಮೊನ್ನೆ ಬಂದ. ಹುಬ್ಬಿನ ಮೇಲೆ ಗೆರೆ, ಕೈಯಲ್ಲಿ ಮತ್ತೆ ಯಡಿಯೂರಿನ ಚೀಲ. ಹುಡುಗಿ ಟ್ಯಾಂಕಿನ ಮೊದಲ ಬಾಟಲಿಯನ್ನು ನನಗೆಂದು ತಂದು ಮೇಜಿನ ಮೇಲೆ ಇಟ್ಟಿದ್ದಳು. ಅವನು ಅದನ್ನು ನೋಡಿದ. ಕೈ ಎತ್ತಲಿಲ್ಲ. ಚೀಲವನ್ನು ಮಾತ್ರ ನನಗೆಟುಕದಷ್ಟು ದೂರ ಇಟ್ಟು ಕುಳಿತ. ನನಗೆ ಬಾಯಿ ಸುಮ್ಮನಿರುತ್ತದೆಯೇ?

"ಅಳಿಯಂದಿರೇ, ನಿಮ್ಮ ಮಗಳ ಕೈಯಡುಗೆ. ಒಂದ್ ಗುಟುಕು ನೋಡ್ತೀರಾ?"

ಹಣೆಯ ಗೆರೆ ಸವರಿಕೊಂಡು ಅವನೆಂದ:

"ಕಾಯಿ ಒಡ್ದೋರು ನೀವು ಅತ್ತೆ. ತೀರ್ಥಾನೂ ನೀವೇ ತಗೊಳ್ಳಿ."