ಗೋಪಾಲಸ್ವಾಮಿಯ ಊಟ

ಹಲ್ಲುನೋವಿನಷ್ಟು ಸುಲಭವಾಗಿ ಮನುಷ್ಯನನ್ನು ತತ್ತ್ವಜ್ಞಾನಿಯನ್ನಾಗಿ ಮಾಡುವ ವಸ್ತು ಲೋಕದಲ್ಲಿ ಇನ್ನೊಂದಿಲ್ಲವೆಂಬುದು ನನ್ನ ಅನುಭವ. ಎಡಗಡೆಯ ದವಡೆಹಲ್ಲು ಬೆಳಗಿನಿಂದ ಮಿಡಿಯಲಾರಂಭಿಸಿತೆಂದರೆ ಸಾಕು, ಲವಂಗದೆಣ್ಣೆಯ ಹತ್ತಿಯನ್ನು ಒತ್ತಿ ಹಿಡಿದು, ಕೆನ್ನೆಗೆ ಪಂಚೆಯ ಚುಂಗನ್ನು ಸುತ್ತಿಕೊಂಡು, ದೇವರು ಒಳ್ಳೆಯವರಿಗೇ ಏಕೆ ಇಷ್ಟು ಕಷ್ಟ ಕೊಡುತ್ತಾನೆ ಎಂಬ ಗಹನವಾದ ವಿಚಾರಕ್ಕೆ ತೊಡಗಿಬಿಡುತ್ತೇನೆ. ಈ ಪ್ರಶ್ನೆಯಲ್ಲಿ ಬರುವ ಒಳ್ಳೆಯವರು ಯಾರು ಎಂಬ ಬಗ್ಗೆ ನನಗೆ ಎಂದೂ ಸಂಶಯ ಬಂದದ್ದಿಲ್ಲ. ಬೇಕಾದರೆ ನೀವೇ ಪರೀಕ್ಷಿಸಿ ನೋಡಿ: ಪಕ್ಕದ ಮನೆಯವರ ಹಲ್ಲು ನೋಯುವಾಗ ನಮಗೆ ನೆನಪಾಗುವುದು ಅವರು ತಿಂದ ಬೆಲ್ಲ, ನಮ್ಮ ಹಲ್ಲು ನೋಯುವಾಗ ನೆನಪಾಗುವುದು ಪರಮಾತ್ಮನ ಅನ್ಯಾಯ.

ಈ ಪ್ರಶ್ನೆಯನ್ನು ನನಗಾಗಿಯಲ್ಲದೆ ಇನ್ನೊಬ್ಬರಿಗಾಗಿ ಕೇಳಲು ಹೊರಟದ್ದು ನನ್ನ ಆಯುಸ್ಸಿನಲ್ಲಿ ಒಂದೇ ಸಲ. ಅದನ್ನು ಹೇಳಬೇಕೆಂದೇ ಇಷ್ಟು ಪೀಠಿಕೆ.

ಆಗ ಎರಡನೆಯ ಮಹಾಯುದ್ಧದ ಕಾಲ. ನಾನು ಹೊಳೆನರಸೀಪುರದಲ್ಲಿ ಮಿಡ್ಲ್ ಸ್ಕೂಲಿನ ಮೇಷ್ಟರಾಗಿದ್ದೆ. ಮದುವೆಯಾಗಿರಲಿಲ್ಲ, ಚನ್ನರಾಯಪಟ್ಟಣದಲ್ಲಿ ಅಣ್ಣನ ಮನೆಯಲ್ಲಿದ್ದ ನಮ್ಮಮ್ಮ ಕಾಗದದ ಮೇಲೆ ಕಾಗದ ಬರೆಸಿ ಅದರ ಪ್ರಯತ್ನ ನಡೆಸಿದ್ದರು. ಹಾಸನದಲ್ಲಿ ಓದುವಾಗ ನಾಲ್ಕಾರು ಇಂಗ್ಲಿಷ್ ಪುಸ್ತಕಗಳನ್ನು ಅರ್ಧರ್ಧ ಓದಿ, ದೇವರ ವಿಷಯದಲ್ಲಿ ಮಾತ್ರ ಪೂರ್ತಿ ತೀರ್ಮಾನಕ್ಕೆ ಬಂದಿದ್ದೆ. ನಾನು ಬಾಡಿಗೆಗೆ ಹಿಡಿದ ಕೋಣೆಯಿದ್ದ ಬೀದಿಯ ಕೊನೆಯಲ್ಲಿ ಒಂದು ಗೋಪಾಲಸ್ವಾಮಿಯ ಗುಡಿಯಿತ್ತು. ಅಲ್ಲಿಯ ಪ್ರಸಾದದ ವಿಷಯದಲ್ಲಿ ನನ್ನ ನಾಸ್ತಿಕತೆ ಬಹಳ ಉದಾರವಾಗಿತ್ತು.

ಗುಡಿಯೆಂದರೆ ದೊಡ್ಡದೇನೂ ಅಲ್ಲ. ಒಂದು ಕತ್ತಲೆಯ ಗರ್ಭಗುಡಿ, ಅದರ ಮುಂದೆ ನಾಲ್ಕು ಕಂಬ, ಪಕ್ಕದಲ್ಲಿ ನೈವೇದ್ಯ ಮಾಡುವ ಅಡುಗೆಮನೆ, ಬಾವಿಯಿರುವ ಅಂಗಳ. ಅರ್ಚಕರು ಶಾಮಣ್ಣನವರು, ಅರವತ್ತರ ಹತ್ತಿರದ, ಸಣ್ಣಗೆ ಎತ್ತರವಾದ ಮನುಷ್ಯ. ಅವರ ಹೆಂಡತಿ ಸೀತಮ್ಮ ಮೂವತ್ತು ವರ್ಷ ಒಂದು ದಿನವೂ ತಪ್ಪದೆ ಆ ಅಡುಗೆಮನೆಯಲ್ಲಿ ದೇವರಿಗೆ ಅನ್ನ ಬೇಯಿಸಿದವರು. ಮಕ್ಕಳಿರಲಿಲ್ಲ. ಆ ಮನೆಯಲ್ಲಿ ಯಾವಾಗಲೂ ಮೂರು ಜನರ ಮಾತೇ. "ನಾವಿಬ್ಬರೂ ಅವನೂ" ಎಂದು ಸೀತಮ್ಮ ಹೇಳುತ್ತಿದ್ದರು. ಅವನಿಗೆ ಚಳಿಯಾದೀತು, ಅವನಿಗೆ ಬಿಸಿ ಅನ್ನ ಆಗುವುದಿಲ್ಲ, ಇವತ್ತು ಅವನ ಮುಖ ಸಪ್ಪಗಿದೆ ಎಂದು ಆ ದಂಪತಿಗಳು ಮಾತಾಡಿಕೊಳ್ಳುವುದನ್ನು ಕೇಳಿದರೆ ಹೊಸಬರು ಯಾರೋ ಕಾಯಿಲೆಯ ಮಗನಿದ್ದಾನೆಂದುಕೊಳ್ಳಬೇಕು.

ಆ ವರ್ಷ ಸಂಕ್ರಾಂತಿಗೆ ಮುಂಚೆ ಊರಲ್ಲಿ ಇಲಿ ಬಿತ್ತು. ಇಲಿ ಬಿತ್ತೆಂದರೆ ಏನೆಂದು ಆ ಕಾಲದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಟ್ಟದ ಮೇಲೆ, ಕಣಜದ ಸಂದಿಯಲ್ಲಿ ಸತ್ತ ಇಲಿ ಕಂಡಿತೆಂದರೆ ಹಿಂದೆಯೇ ಪ್ಲೇಗು ಬಂತೆಂದು ಅರ್ಥ. ಮೊದಲು ಜ್ವರ, ಆಮೇಲೆ ಕಂಕುಳಲ್ಲೋ ತೊಡೆಯ ಸಂದಿನಲ್ಲೋ ಗಡ್ಡೆ, ಆಮೇಲೆ ಮೂರೋ ನಾಲ್ಕೋ ದಿನ. ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿಕೊಂಡು ಹೊರಗಿನ ಬಯಲಿಗೆ ಹೊರಟಿತು. ಬೋರೇಗೌಡರೆಂಬ ರೈತರ ರಾಗಿ ಕೊಯ್ದ ಹೊಲದಲ್ಲಿ ನಮ್ಮ ಬೀದಿಯವರ ಸೋಗೆಯ ಜೋಪಡಿಗಳು ಸಾಲಾಗಿ ಎದ್ದವು. ಸ್ಕೂಲು ಮುಚ್ಚಿತು. ಅರಕಲಗೂಡಿನ ಕಡೆಯಿಂದ ಬರುತ್ತಿದ್ದ, ಪೆಟ್ರೋಲ್ ಸಿಗದ ಆ ದಿನಗಳ ಇದ್ದಿಲ ಬಸ್ಸು ನಮ್ಮನ್ನು ಕಂಡರೆ ನಿಲ್ಲಿಸದೆ, ಹೊಗೆಯನ್ನು ಮಾತ್ರ ನಮಗೆ ಬಿಟ್ಟು ಓಡಿಹೋಗುತ್ತಿತ್ತು.

ಎಲ್ಲರೂ ಬಂದರು, ಗೋಪಾಲಸ್ವಾಮಿ ಬರಲಿಲ್ಲ. ಪೀಠದ ಮೇಲೆ ಕೂರಿಸಿದ ದೇವರು ಎದ್ದು ಬರುವಂತಿಲ್ಲವಷ್ಟೆ. ಹೀಗಾಗಿ ಶಾಮಣ್ಣನವರೂ ಸೀತಮ್ಮನೂ ದಿನವೂ ಬೆಳಗ್ಗೆ ಜೋಪಡಿಯಿಂದ ಎದ್ದು ಬರಿದಾದ ಊರಿಗೆ ನಡೆದುಹೋಗುವುದು, ಪೂಜೆ ಮುಗಿಸಿ ಮಧ್ಯಾಹ್ನಕ್ಕೆ ಮರಳುವುದು ಎಂದಾಯಿತು. ಪೂಜೆಗೆ ಒಬ್ಬರು ಹೋದರೆ ಸಾಕಿತ್ತು. ಆದರೆ ನೈವೇದ್ಯವನ್ನು ಗುಡಿಯೊಳಗೇ ಮಾಡಬೇಕು, ಹೊರಗಿನಿಂದ ತರಕೂಡದು ಎಂಬುದು ಅಲ್ಲಿನ ಕಟ್ಟಳೆ. ಗುಡಿಯ ಅಡುಗೆಮನೆಗೋ ಒಂದು ಬಾಗಿಲು, ಒಂದು ಬೆಳಕಿಂಡಿ, ಗೋಡೆಯ ತುಂಬ ಬಿಲ. ನಾನು ಕ್ಲಾಸಿನಲ್ಲಿ ಆರೋಗ್ಯಶಾಸ್ತ್ರ ಹೇಳುತ್ತಿದ್ದ ಗತ್ತಿನಲ್ಲೇ ಸೀತಮ್ಮನವರಿಗೆ ಹೋಗಬೇಡಿರೆಂದು ಉಪದೇಶ ಮಾಡಿದೆ.

ಆಕೆ ನಕ್ಕರು. "ನಾವು ಬಯಲಲ್ಲಿ ಹಾಯಾಗಿ ಉಂಡುಕೊಂಡು ಅವನನ್ನ ಉಪವಾಸ ಕೆಡವೋದೇನಪ್ಪ?" ಎಂದರು.

ಹತ್ತನೆಯ ದಿನವೋ ಏನೋ, ಆಕೆಗೆ ಜ್ವರ ಬಂತು. ನಾಲ್ಕನೆಯ ದಿನಕ್ಕೆ ಹೋಗಿಬಿಟ್ಟರು.

ಹೊಳೆಯ ದಂಡೆಯಲ್ಲಿ ಸಂಸ್ಕಾರ ಮುಗಿಸಿ ಬರುವಾಗ ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಸುಳ್ಳು ಹೇಳಿದವರು, ಕಾಳಸಂತೆಯಲ್ಲಿ ಸಕ್ಕರೆ ಮಾರಿದವರು, ದೇವರೇ ಇಲ್ಲವೆಂದ ನಾನು, ಎಲ್ಲರೂ ಬಯಲಿನ ಗಾಳಿಯಲ್ಲಿ ಗಟ್ಟಿಮುಟ್ಟಾಗಿದ್ದೆವು. ಅವನ ಊಟಕ್ಕೆಂದು ಹೋದವರು ಹೋದರು. ಬೋರೇಗೌಡರು ನನ್ನ ಪಕ್ಕದಲ್ಲಿ ನಡೆಯುತ್ತಿದ್ದರು. "ಅಲ್ಲ ಸಾ," ಎಂದರು, "ದ್ಯಾವ್ರಿಗೆ ಅನ್ನ ಬೇಯ್ಸಾಕ್ ಓಗಿ ಈ ಕಾಯ್ಲೆ ಅಂಟುಸ್ಕೊಂಡ್ಳು ಆ ತಾಯಿ. ಅಂಥೋಳ್ನ ಕಾಯ್ದೆ ಇನ್ಯಾರ್ನ ಕಾಯ್ತಾನೆ ಅವ್ನು? ನೀವು ಓದ್ದೋರು, ವಸಿ ಯೋಳಿ ಮತ್ತೆ." ನನ್ನ ಅರ್ಧರ್ಧ ಓದಿದ ಪುಸ್ತಕಗಳಲ್ಲಿ ಅದರ ಉತ್ತರ ಓದದೆ ಬಿಟ್ಟ ಅರ್ಧದಲ್ಲಿದ್ದಿರಬೇಕು.

ಮಾರನೆಯ ಬೆಳಗ್ಗೆ ಶಾಮಣ್ಣನವರ ಜೋಪಡಿಗೆ ಹೋದೆ. ಸಮಾಧಾನ ಹೇಳುವುದು ನೆಪ. ಇಂಥ ದೇವರ ಚಾಕರಿ ಇನ್ನು ಸಾಕೆಂದು ಹೇಳುವುದು ಉದ್ದೇಶ. ನಾನು ಬಾಯಿ ತೆರೆಯುವ ಮುಂಚೆ ಅವರೇ ಕೇಳಿದರು: "ಮೇಷ್ಟ್ರೇ, ನನಗೆ ಸೂತಕ. ಹದಿಮೂರು ದಿನ ಗುಡಿಯ ಹೊಸಲು ದಾಟೋ ಹಾಗಿಲ್ಲ. ನಿನ್ನೆಯಿಂದ ಅವನಿಗೆ ದೀಪ ಇಲ್ಲ, ಅನ್ನ ಇಲ್ಲ. ಮಿಕ್ಕೋರಿಗೆ ಹೆಂಡತಿ ಮಕ್ಕಳಿದ್ದಾರೆ, ಕೇಳೋಕೆ ಬಾಯಿ ಬರೋದಿಲ್ಲ. ನೀವು ಪ್ಲೇಗಿನ ಸೂಜಿ ಚುಚ್ಚಿಸಿಕೊಂಡೋರು. ನಿಮಗೆ ನಂಬಿಕೆ ಇಲ್ಲ ಅಂತ ಬಲ್ಲೆ. ನಂಬಿಕೆ ಬೇಡ, ಅನ್ನ ಇಟ್ಟರೆ ಸಾಕು."

ನಾನು ಒಪ್ಪಿಕೊಂಡೆ. ಧೈರ್ಯದಿಂದ ಎಂದು ತಿಳಿಯಬೇಡಿ, ಇಲ್ಲವೆನ್ನಲು ನಾಚಿಕೆಯಾಯಿತು. ಜೊತೆಗೆ ಒಂದು ದುರಾಲೋಚನೆಯೂ ಇತ್ತು: ಗರ್ಭಗುಡಿಯೊಳಗೆ ನಾನೂ ಅವನೂ ಇಬ್ಬರೇ ಇರುತ್ತೇವೆ, ಮುಖಾಮುಖಿ ಕೇಳಿಯೇಬಿಡುತ್ತೇನೆ ಎಂದುಕೊಂಡೆ.

ಜನರಿಲ್ಲದ ಊರನ್ನು ನೀವು ನೋಡಿಲ್ಲದಿದ್ದರೆ ಒಳ್ಳೆಯದೇ ಆಯಿತು. ಬಾಗಿಲು ಬಾಗಿಲಿಗೂ ಬೀಗ, ರಂಗೋಲಿಯಿಲ್ಲದ ಅಂಗಳಗಳು, ಯಾರ ಮನೆಯದೋ ಒಂದು ಬೆಕ್ಕು. ಜೊತೆಗೆ ಬಂದ ಶಾಮಣ್ಣನವರ ಮತ್ತು ನನ್ನ ಹೆಜ್ಜೆಯ ಸದ್ದಿಗೆ ನಾನೇ ಎರಡು ಸಲ ಹಿಂತಿರುಗಿ ನೋಡಿದೆ. ಶಾಮಣ್ಣನವರು ಗುಡಿಯ ಮುಂದಿನ ಬೀದಿಯಲ್ಲಿ, ಮೆಟ್ಟಿಲಿಗೆ ನಾಲ್ಕು ಮಾರು ದೂರದಲ್ಲಿ ನಿಂತುಬಿಟ್ಟರು. ಮೂವತ್ತು ವರ್ಷ ದಾಟಿದ ಹೊಸಲನ್ನು ನೋಡುತ್ತ ಅಲ್ಲಿಂದಲೇ ನನಗೆ ಹೇಳಿಕೊಡತೊಡಗಿದರು. "ಮಂತ್ರ ನಾನು ಹೇಳೋ ಹಾಗಿಲ್ಲ. ನಿಮಗೆ ತಿಳಿದದ್ದು ನೀವು ಹೇಳಿ. ತಿಳೀದಿದ್ದರೆ ಸುಮ್ಮನೆ ಮಾಡಿ, ಅವನು ತಪ್ಪು ತಿಳ್ಕೊಳ್ಳೋಲ್ಲ."

ಬಾವಿಯಲ್ಲಿ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ನಡುಗುತ್ತ ಗರ್ಭಗುಡಿಗೆ ಹೋಗಿ ದೀಪ ಹಚ್ಚಿದೆ. ಅಷ್ಟು ವರ್ಷ ಹೊರಗೆ ನಿಂತು ನೋಡಿದ್ದ ದೇವರು ಹತ್ತಿರದಿಂದ ಎಷ್ಟು ಸಣ್ಣವನು! ನನ್ನ ಮೊಳಕೈಯಷ್ಟು ಎತ್ತರವಿಲ್ಲ. ಎಣ್ಣೆ ಕುಡಿದು ಕುಡಿದು ನುಣುಪಾದ ಕಪ್ಪು ಕಲ್ಲು, ಸವೆದ ಕೊಳಲು, ತುಟಿಯ ಮೇಲೆ ಇನ್ನೂ ಸವೆಯದ ನಗು. ಕೊರಳಲ್ಲಿ ಒಣಗಿದ ತುಳಸಿಮಾಲೆಯಿತ್ತು. ಅದು ಸೀತಮ್ಮ ತಮಗೆ ಜ್ವರ ಬಂದ ದಿನ ಕಟ್ಟಿದ್ದು; ಅವರ ಕಾಯಿಲೆಯ ದಿನಗಳಲ್ಲಿ ಶಾಮಣ್ಣನವರು ಒಬ್ಬರೇ ಬಂದು ಪೂಜೆ ಮಾಡಿಹೋಗಿದ್ದರೂ ಆ ಮಾಲೆಯನ್ನು ತೆಗೆದಿರಲಿಲ್ಲ. ಕೇಳಬೇಕೆಂದು ಸಿದ್ಧಪಡಿಸಿಕೊಂಡಿದ್ದ ಮಾತುಗಳಲ್ಲಿ ಒಂದನ್ನೂ ಕೇಳದೆ ದೀಪದ ಬತ್ತಿಯನ್ನು ಮುಂದಕ್ಕೆ ಸರಿಸಿದೆ. ಹೆದರಿಕೆಯಲ್ಲ, ಭಕ್ತಿಯೂ ಅಲ್ಲ. ಮೂರು ಜನರಿದ್ದ ಮನೆಗೆ ಸಾವಿನ ಮಾರನೆಯ ದಿನ ಹೋದಾಗ, ಅಲ್ಲಿ ಉಳಿದವರನ್ನು ನೋಡಿ ಮಾತು ಹೊರಡುವುದಿಲ್ಲವಲ್ಲ, ಹಾಗೆ.

ಅನ್ನದ ಕಥೆ ಬೇರೆ. ಒಲೆಗೂ ನನಗೂ ಹುಟ್ಟಿದಾರಭ್ಯ ವೈರ. ಹೊರಗಿನಿಂದ ಶಾಮಣ್ಣನವರು, "ಸೀದ ವಾಸನೆ ಬರ್ತಾ ಇದೆಯಲ್ಲ ಮೇಷ್ಟ್ರೇ?" ಎಂದು ಕೂಗಿದರು. ತಳ ಮಾತ್ರ ಎಂದೆ. "ಮೇಲಿನದು ತೆಗೆದಿಡಿ, ಪರವಾಗಿಲ್ಲ. ಆರಿದೆಯೋ ಮುಟ್ಟಿ ನೋಡಿ. ಅವಳು ಬಿಸಿಯದು ಇಟ್ಟೋಳಲ್ಲ" ಎಂದರು. ನಾನು ಅನ್ನ ಆರುವವರೆಗೆ ಬೀಸಣಿಗೆ ಬೀಸುತ್ತ ಕುಳಿತೆ. ದೇವರಿಲ್ಲವೆಂದು ಹಾಸನದ ಹಾಸ್ಟೆಲಿನಲ್ಲಿ ಗಂಟೆಗಟ್ಟಲೆ ವಾದಿಸಿದ್ದ ಮನುಷ್ಯ ದೇವರ ನಾಲಗೆ ಸುಡಬಾರದೆಂದು ಬೀಸಣಿಗೆ ಹಿಡಿದಿದ್ದನ್ನು ನನ್ನ ಸ್ನೇಹಿತರು ಯಾರೂ ನೋಡಲಿಲ್ಲ, ಪುಣ್ಯ.

ಮೂರನೆಯ ದಿನ ಅಡುಗೆಮನೆಯ ಬಾಗಿಲು ತೆರೆದರೆ ಒಲೆಯ ಮುಂದೆಯೇ ಸತ್ತ ಇಲಿ. ನಾನು ಹಾರಿ ಅಂಗಳಕ್ಕೆ ಬಿದ್ದೆ. ಸಂಗತಿ ಕೇಳಿ ಶಾಮಣ್ಣನವರ ಮುಖ ಬಿಳಿಚಿಕೊಂಡಿತು. "ಸಾಕು ಮೇಷ್ಟ್ರೇ, ಬಾಗಿಲು ಹಾಕ್ಕೊಂಡು ಬಂದುಬಿಡಿ. ನಿಮ್ಮನ್ನೂ ಕಳಕೊಳ್ಳೋಕೆ ನನ್ನ ಕೈಲಾಗೋಲ್ಲ. ಅವನು ಉಪವಾಸ ಇರಲಿ" ಎಂದರು. ಆ ಕೊನೆಯ ಮಾತನ್ನು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂಬುದು ಆ ಮುಖವನ್ನು ನೋಡಿದ ನನಗೆ ಗೊತ್ತು.

ಬಂದುಬಿಡಬಹುದಾಗಿತ್ತು. ಯಾಕೋ ಕಾಲು ಬರಲಿಲ್ಲ. ಬಾವಿಯ ಕಟ್ಟೆಯ ಪಕ್ಕದಲ್ಲಿ, ಎಳೆಬಿಸಿಲು ಬಿದ್ದಿದ್ದ ಕಡೆ ಮೂರು ಕಲ್ಲು ಇಟ್ಟೆ. ಅಂಗಳವೂ ಗುಡಿಯೊಳಗಿನದೇ ತಾನೆ, ಹೊರಗಿನಿಂದ ತಂದ ಹಾಗಾಗುವುದಿಲ್ಲವಲ್ಲ, ಇಲ್ಲೇ ಬೇಯಿಸಲೇ ಎಂದು ಕೂಗಿ ಕೇಳಿದೆ.

ತಿರುಗಿ ನೋಡಿದೆ. ಶಾಮಣ್ಣನವರು ಆ ಮೂರು ಕಲ್ಲುಗಳನ್ನು ನೋಡುತ್ತ ನಿಂತಿದ್ದರು. ಆಮೇಲೆ ಬೀದಿಯ ಮಣ್ಣಿನ ಮೇಲೆ ಹಾಗೇ ಕುಳಿತುಬಿಟ್ಟರು.

"ಬೇಯಿಸಬಹುದು," ಎಂದರು. "ಬೇಯಿಸಬಹುದಾಗಿತ್ತು. ನನಗೆ ಹೊಳೀಲಿಲ್ಲ. ಅವಳಿಗೂ ಹೊಳೀಲಿಲ್ಲ."

ನನ್ನ ಪ್ರಶ್ನೆ ಅಲ್ಲಿಯವರೆಗೆ ದೊಡ್ಡ ಪ್ರಶ್ನೆಯಾಗಿತ್ತು. ಆ ಕ್ಷಣದಿಂದ ಅದನ್ನು ಮುಟ್ಟಲು ನನಗೆ ಅಂಜಿಕೆಯಾಯಿತು. ಒಲೆಯೊಂದನ್ನು ಹತ್ತು ಮಾರು ಆಚೆ ಇಟ್ಟಿದ್ದರೆ ಉಳಿಯುತ್ತಿದ್ದ ಜೀವ. ಇದರಲ್ಲಿ ದೇವರ ಪಾಲೆಷ್ಟು, ಬಿಲದ ಪಾಲೆಷ್ಟು, ಮೂವತ್ತು ವರ್ಷ ಒಂದೇ ಜಾಗದಲ್ಲಿ ಒಲೆ ಹಚ್ಚಿದ ಕೈಯ ಪಾಲೆಷ್ಟು? ಇಷ್ಟೆಲ್ಲ ಗೊತ್ತಾದ ಮೇಲೂ ಆ ಮನುಷ್ಯ ಮಾರನೆಯ ದಿನ ಬೆಳಗ್ಗೆ ನನ್ನ ಜೋಪಡಿಯ ಮುಂದೆ ಬಂದು, ಹೊತ್ತಾಯಿತು ಹೊರಡೋಣವೇ ಎಂದು ಕೇಳಿದರು. ನಾನು ಬೆಟ್ಟಗಳನ್ನು ನೋಡಿದ್ದೇನೆ, ಬೆಳಗೊಳದಲ್ಲಿ ಗೊಮ್ಮಟನ ಪಾದದ ಬಳಿ ನಿಂತು ಕತ್ತೆತ್ತಿ ನೋಡಿದ್ದೇನೆ. ಆ ದಿನ ಬೆಳಗ್ಗೆ ಹೊದಿಕೆ ಹೊದ್ದು ನಡುಗುತ್ತ ನಿಂತಿದ್ದ ಆ ಸಣಕಲು ಮನುಷ್ಯನ ಮುಂದೆ ಅನಿಸಿದಷ್ಟು ಚಿಕ್ಕವನೆಂದು ನನಗೆ ಇನ್ನೆಲ್ಲೂ ಅನಿಸಿಲ್ಲ.

ಹನ್ನೆರಡು ದಿನ ಅನ್ನ ಬೇಯಿಸಿದೆ. ಕೊನೆಕೊನೆಗೆ ಸೀಯುವುದು ನಿಂತಿತ್ತು. ನನಗೆ ಪ್ಲೇಗು ಬರಲಿಲ್ಲ. ಅದನ್ನು ದೇವರ ದಯೆಯೆನ್ನಲು ಸೀತಮ್ಮನವರ ನೆನಪು ಬಿಡುವುದಿಲ್ಲ, ಸೂಜಿಯ ದಯೆ ಮಾತ್ರ ಎನ್ನಲು ಯಾಕೋ ಮನಸ್ಸು ಒಪ್ಪುವುದಿಲ್ಲ.

ಸೂತಕ ಕಳೆದ ಮಾರನೆಯ ದಿನ ಶಾಮಣ್ಣನವರು ತಾವೇ ಬಂದರು. ಈ ಸಲ ಬೀದಿಯಲ್ಲಿ ನಿಂತವನು ನಾನು. ಅವರು ಸ್ನಾನ ಮಾಡಿ, ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದರು. ಗರ್ಭಗುಡಿಯ ಬಾಗಿಲು ಕಿರುಗುಟ್ಟಿತು. ಮಂತ್ರ ಕೇಳಿಸೀತೆಂದು ಕಾದೆ. ಆಮೇಲೆ ಕೇಳಿಸಿದ್ದು ಸಂಸ್ಕೃತವಲ್ಲ.

"ಏನೋ," ಎಂದರು. ಜನರಿಲ್ಲದ ಆ ಬೀದಿಯಲ್ಲಿ ಪ್ರತಿಯೊಂದು ಅಕ್ಷರವೂ ಕೇಳುತ್ತಿತ್ತು. "ಮೂವತ್ತು ವರ್ಷ ದಿನಾ ನಿನ್ನ ಹತ್ತಿರ ಮಾತಾಡಿದ್ದೀನಲ್ಲೋ. ಆಚೆ ಅಂಗಳದಲ್ಲಿ ಮಾಡ್ರೋ ಅಂತ ಒಂದು ಮಾತು, ಒಂದೇ ಒಂದು ಮಾತು ಹೇಳಬಾರದಾಗಿತ್ತೇನೋ? ಬಾಯಿ ಇಲ್ಲವೇನೋ ನಿನಗೆ? ಅವಳು ನಿನಗೇನು ಮಾಡಿದ್ದಳೋ?"

ದನಿ ಒಡೆಯಿತು. ನಾನು ಎಷ್ಟೋ ದಿನ ಹೊತ್ತು ತಿರುಗಿ ಕೇಳಲಾರದೆ ಹೋದ ಪ್ರಶ್ನೆಯನ್ನು ಕೇಳುವ ಹಕ್ಕಿದ್ದವರು ಕೇಳಿದ್ದರು. ನಿಜ ಹೇಳುತ್ತೇನೆ, ಆ ಸಣ್ಣ ಕಲ್ಲು ಏನಾದರೂ ಹೇಳುತ್ತದೆಯೆಂದೇ ಕಾದೆ. ಬಾವಿಯ ರಾಟೆಯಿಂದ ತೊಟ್ಟಿಕ್ಕುವ ನೀರಿನ ಸದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಮೂಗು ಒರೆಸಿಕೊಂಡ ಸದ್ದಾಯಿತು. ಮತ್ತೆ ಅದೇ ದನಿ, ಈಗ ತೀರ ಮೆಲ್ಲಗೆ, ಊರಿಂದ ಬಂದ ಮಗನನ್ನು ಕೇಳುವ ಹಾಗೆ:

"ಎಷ್ಟು ಸೊರಗಿದ್ದೀಯೋ. ಮೇಷ್ಟ್ರು ಹೊಟ್ಟೆಗೆ ಸರಿಯಾಗಿ ಹಾಕಿದರೋ ಇಲ್ಲವೋ?"